ಅಮ್ಮನಿಗೆ ಕಣ್ಣು ಬಂತು

ಮಾರ್ಚ್ 4

ಪ್ರೀತಿಯ ಅತ್ತಿಗೆ,

ನಿನ್ನ ಕಾಗದ ಸಿಕ್ಕಿತು. ಎಂದಿನಂತೆ ಲಕೋಟೆ ಒಡೆದೇ ಇತ್ತು. ಇಲ್ಲಿ ಬರುವ ಕಾಗದಗಳನ್ನು ಆಫೀಸಿನವರು ಮೊದಲು ಓದುತ್ತಾರೆ, ಹೋಗುವ ಕಾಗದಗಳನ್ನು ನಾವು ಅಂಟಿಸದೆ ಕೊಡಬೇಕು. ಹಾಗಾಗಿ ನೀನು ಅಣ್ಣನ ಗೊರಕೆಯ ಬಗ್ಗೆ ಬರೆದದ್ದು ಈಗ ಇಡೀ ಆಫೀಸಿಗೆ ಗೊತ್ತು. ಗುಮಾಸ್ತ ಕಾಗದ ಕೈಗೆ ಕೊಡುತ್ತಾ, "ನಿಮ್ಮಣ್ಣನ್ನ ಒಂದ್ಸಲ ಡಾಕ್ಟ್ರಿಗೆ ತೋರ್ಸಿಬಿಡಿ" ಅಂದ. ನಗುವುದೋ ಅಳುವುದೋ ತಿಳಿಯದೆ ತಲೆಯಾಡಿಸಿ ಬಂದೆ.

ಕೆಲಸ ಹೇಗೆ ಅಂತ ಕೇಳಿದ್ದೀ. ಡಾಕ್ಟರುಗಳು ಆಪರೇಷನ್ ಮಾಡಿ ಹೊಲಿಗೆ ಹಾಕುತ್ತಾರಲ್ಲ, ಆ ಸೂಜಿಗೆ ದಾರ ಕೂಡಿಸುವುದು ನಮ್ಮ ಕೆಲಸ. ಸೂಜಿಯ ಹಿಂದುಗಡೆ ಕಂಡೂ ಕಾಣದಂಥ ತೂತು. ಭೂತಗನ್ನಡಿಯ ಕೆಳಗೆ ಹಿಡಿದು, ಉಸಿರು ಬಿಗಿಹಿಡಿದು, ದಾರದ ತುದಿ ಇಳಿಸಿ, ಇಕ್ಕಳದಿಂದ ಒತ್ತಬೇಕು. ಮತ್ತೆ ಇನ್ನೊಂದು. ಮತ್ತೆ ಇನ್ನೊಂದು. ಕೋಣೆಯ ಕಿಟಕಿಗಳು ತೆರೆಯುವಂಥವಲ್ಲ, ಗಾಜು ಅಷ್ಟೆ. ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕಾಲಿಗೆ ಚೀಲ. ನಮ್ಮನ್ನು ನಾವೇ ಗುರುತು ಹಿಡಿಯುವುದು ಕಷ್ಟ.

ಹೊರಗಿನ ಕೊಳೆ ಒಳಗೆ ಬರಬಾರದು ಅಂತ ವರ್ಷ ತುಂಬುವ ತನಕ ನಾವು ಗೇಟು ದಾಟುವ ಹಾಗಿಲ್ಲ. ದಾಟಿದರೆ ಯಾರೂ ತಡೆಯುವುದಿಲ್ಲ, ಹೆಸರು ಹೊಡೆದುಹಾಕುತ್ತಾರೆ, ಮುಗಿಯಿತು. ಹೆಸರು ಹೋದರೆ ಮನೆಯವರಿಗೆ ಕಂಪನಿಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸುವ ಚೀಟಿಯೂ ಹೋಗುತ್ತದೆ. ಅಮ್ಮನ ಸರದಿ ಏಪ್ರಿಲ್ ಹನ್ನೆರಡಕ್ಕೆ ಅಂತ ಗೊತ್ತಾಗಿದೆ. ಎರಡು ಕಣ್ಣಿನ ಪೊರೆಯನ್ನೂ ತೆಗೆಯುತ್ತಾರಂತೆ, ಒಂದೇ ದಿನ, ಒಂದಾದ ಮೇಲೆ ಇನ್ನೊಂದು. ಅದಕ್ಕೇ ನಾನು ಇಲ್ಲಿ ಒಳ್ಳೆ ಹುಡುಗಿಯಾಗಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ನಾನು! ನಂಬುತ್ತೀಯಾ?

ಇಲ್ಲಿ ಈಗ ಎಲ್ಲರಿಗೂ ನಿದ್ದೆ ಕಡಿಮೆ. ಮೊದಲು ನನ್ನ ಮೇಲಿನ ಮಂಚದವಳಿಗೆ ಶುರುವಾಯಿತು, ಆಮೇಲೆ ಅವಳ ಎದುರಿನವಳಿಗೆ, ಈಗ ಅರ್ಧ ಕೋಣೆಗೆ. ನನಗೆ ಇನ್ನೂ ಚೆನ್ನಾಗಿಯೇ ನಿದ್ದೆ ಇದೆ. ನಿಮ್ಮ ಕ್ಲಿನಿಕ್ಕಿನ ಡಾಕ್ಟರನ್ನು ನಿದ್ದೆಯ ಬಗ್ಗೆ ಒಂದು ಮಾತು ಕೇಳು. ಅವರು ದಿನಾ ಇಂಥ ನಿದ್ದೆಯನ್ನೇ ನೋಡುವವರಲ್ಲವೇ.

ಅಮ್ಮನನ್ನು ಬೆಳಕಿನ ಕಡೆ ಮುಖ ಮಾಡಿ ಕೂರಿಸಿ ಇದನ್ನು ಓದಿ ಹೇಳು.

ನಿನ್ನ ಚೂಟಿ


ಮಾರ್ಚ್ 12

ಚೂಟಿ,

ಏನೇ ಅದು, ಅರ್ಧ ಕೋಣೆಗೆ ನಿದ್ದೆ ಬರುವುದಿಲ್ಲ ಅಂದರೆ? ರಾತ್ರಿಯೆಲ್ಲ ಹರಟೆ ಹೊಡೆಯುತ್ತಿದ್ದೀರಿ, ಇನ್ನೇನು. ನಿನ್ನ ಬಾಯಿಗೆ ಬೀಗ ಅನ್ನುವುದನ್ನು ಓದಿದಾಗ ನಿನ್ನಣ್ಣ, "ಬೀಗ ಇರ್ಬೋದು, ಕೀ ಅವಳ ಹತ್ರಾನೇ ಇರತ್ತೆ" ಅಂದರು.

ಡಾಕ್ಟರನ್ನು ಕೇಳಿದೆ. ಅವರು ಒಬ್ಬರ ಕಣ್ಣಿಗೆ ದೀಪ ಹಿಡಿದು ನೋಡುತ್ತಿದ್ದವರು ತಲೆಯೆತ್ತಿ, "ನಾನು ಕಣ್ಣಿನ ಡಾಕ್ಟ್ರು ಕಣಮ್ಮ, ನಿದ್ದೆಗೆ ಬೇರೆಯವ್ರು ಇದಾರೆ" ಅಂದರು. ರೋಗಿಗಳ ಮುಂದೆ ನನ್ನ ಮಾನ ಹೋಯಿತು. ಆದರೂ ನನಗೆ ತಿಳಿದದ್ದು ಹೇಳುತ್ತೇನೆ. ಮಲಗುವ ಮುಂಚೆ ಬಿಸಿ ಹಾಲು ಕುಡಿ. ಕಾಲು ತೊಳೆದುಕೊಂಡು ಮಲಗು. ಇಲ್ಲದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಮೇಲಿನ ಮಂಚದವಳಿಗೆ ಮನೆಯ ನೆನಪು ಕಾಡುತ್ತಿರಬೇಕು, ಅವಳ ಜೊತೆ ಸ್ವಲ್ಪ ಮಾತಾಡು.

ನಿನ್ನಮ್ಮ ಗಟ್ಟಿಯಾಗಿದ್ದಾರೆ. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದು, ಆದರೆ ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮೊನ್ನೆ ನಾನು ಸಕ್ಕರೆ ಡಬ್ಬಿಯನ್ನು ಒಂದು ಗೇಣು ಸರಿಸಿದ್ದಕ್ಕೆ ಇಡೀ ಸಂಜೆ ಮುಖ ಊದಿಸಿಕೊಂಡಿದ್ದರು. "ಹನ್ನೆರಡನೇ ತಾರೀಕು ಕಳೀಲಿ, ನಿನ್ನ ಕೆಲಸ ಎಲ್ಲಾ ಕಣ್ಣಾರೆ ನೋಡ್ತೀನಿ" ಅಂತ ನನ್ನನ್ನು ಹೆದರಿಸುತ್ತಾರೆ. ಪಕ್ಕದ ಮನೆಯವರಿಗೂ ಹೇಳಿದ್ದಾಗಿದೆ. ಎದುರು ಮನೆಯವರಿಗೂ. ಹಾಲಿನವನಿಗೂ.

ಇಲ್ಲಿ ನಮ್ಮ ಕ್ಲಿನಿಕ್ಕಿನಲ್ಲಿ ಹನಿ ಹಾಕಿ ಹಾಕಿ ನನ್ನ ಹೆಬ್ಬೆರಳು ಮರಗಟ್ಟಿದೆ. ಊರಿಗೆ ಊರೇ ಕಣ್ಣು ಕೆಂಪು ಮಾಡಿಕೊಂಡು ಬಂದು ಕೂರುತ್ತಿದೆ. ನೀವೆಲ್ಲ ಶುದ್ಧವಾದ ಜಾಗದಲ್ಲಿದ್ದೀರಿ, ಪುಣ್ಯವಂತರು.

ನಿನ್ನ ಅತ್ತಿಗೆ


ಮಾರ್ಚ್ 19

ಅಯ್ಯೋ ನನ್ನ ಬುದ್ಧಿವಂತ ಅತ್ತಿಗೇ!

ನಿದ್ದೆಯಲ್ಲ. ಕಣ್ಣು! ನಮಗೆಲ್ಲ ಕಣ್ಣು ಬಂದಿದೆ! ಹಾಲು ಕುಡಿ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನಾನು ಮಂಚದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕೆ, ನಗುತ್ತಾ ಅತ್ತೆ, ಅತ್ತದ್ದಕ್ಕೆ ಕಣ್ಣು ಇನ್ನೂ ಉರಿಯಿತು.

ಈ ಕಾಗದ ಆಫೀಸಿನ ಮೂಲಕ ಬರುತ್ತಿಲ್ಲ. ನಮ್ಮ ಕೋಟುಗಳನ್ನು ಒಗೆಯಲು ಒಯ್ಯುವ ಗಾಡಿಯವನು ಅಂಗಿಯೊಳಗೆ ಇಟ್ಟುಕೊಂಡು ಹೊರಗೆ ಹಾಕುತ್ತಾನೆ. ಅವನ ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ, ಉತ್ತರ ಅಲ್ಲಿಗೇ ಹಾಕು.

ನಡೆದದ್ದು ಇಷ್ಟು. ಮೇಲಿನ ಮಂಚದವಳ ಕಣ್ಣು ಒಂದು ಬೆಳಿಗ್ಗೆ ಕೆಂಪಗೆ, ನೀರು ಸುರಿಸಿಕೊಂಡು ಕೂತಿತು. ನಮ್ಮ ಮೇಲ್ವಿಚಾರಕಿ ಒಬ್ಬಳಿದ್ದಾಳೆ, ಮೈಮೇಲೆ ಒಂದು ಸುಕ್ಕೂ ಇರುವುದಿಲ್ಲ, ನಾವು ಇಸ್ತ್ರಿ ಮೇಡಂ ಅನ್ನುತ್ತೇವೆ. ಅವಳು ಬಂದು ನೋಡಿದಳು. ಆ ಹುಡುಗಿ, "ಕಣ್ಣು ಬಂದಿದೆ ಮೇಡಂ" ಅಂದಳು. ಅಷ್ಟೇ ತಡ, ಮೇಡಂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಆ ಮಾತು ಈ ಕಾಂಪೌಂಡಿನೊಳಗೆ ಯಾರ ಬಾಯಲ್ಲೂ ಬರಕೂಡದು. ಇದು ಆಸ್ಪತ್ರೆಗೆ ಹೋಗೋ ಸಾಮಾನು. ಇಲ್ಲಿ ಸೋಂಕಿದೆ ಅಂತ ಹೊರಗೆ ತಿಳಿದ್ರೆ ಬೀಗ ಹಾಕ್ತಾರೆ. ನಿದ್ದೆ ಕಡಿಮೆಯಾಗಿ ಕೆಂಪಾಗಿದೆ, ತಿಳೀತಾ?" ಅಂದಳು. ಅಂದಿನಿಂದ ಇಲ್ಲಿ ಯಾರಿಗೂ ಕಣ್ಣು ಬರುವುದಿಲ್ಲ. ನಿದ್ದೆ ಕಡಿಮೆಯಾಗುತ್ತದೆ. "ನಿಂಗೂ ನಿದ್ದೆ ಕಡಿಮೆ ಆಯ್ತಾ?" "ನಂಗೆ ಎರಡೂ ಕಡೆ ಕಡಿಮೆ ಕಣೆ." ಹೀಗೇ ಮಾತಾಡಿಕೊಳ್ಳುತ್ತೇವೆ. ತಮಾಷೆಗೆ ಶುರುವಾದದ್ದು ಈಗ ರೂಢಿಯೇ ಆಗಿಬಿಟ್ಟಿದೆ.

ಇನ್ನೊಂದು ವಿಚಿತ್ರ ಕೇಳು. ನೋಡಿದರೇ ಅಂಟುತ್ತದೆ ಅಂತ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಊಟಕ್ಕೆ ಕೂತರೆ ಎಲ್ಲರೂ ತಟ್ಟೆಯ ಜೊತೆಯೇ ಮಾತಾಡುತ್ತಾರೆ. ಅಷ್ಟು ಜನರ ನಡುವೆ ಒಂದು ಮುಖವೂ ಕಾಣದೆ ನನಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಆದರೆ ಟವಲು ಮಾತ್ರ ಕೈತೊಳೆಯುವ ಕಡೆ ಎಲ್ಲರಿಗೂ ಸೇರಿ ಒಂದೇ ನೇತುಹಾಕಿದೆ.

ಔಷಧಿ ಇದೆ. ಬಿಳಿ ಮುಚ್ಚಳದ ಒಂದು ಸೀಸೆ. ಕೆಲಸಕ್ಕೆ ಹೋಗುವ ಮುಂಚೆ ಮೇಡಂ ಸಾಲಿನಲ್ಲಿ ಎಲ್ಲರಿಗೂ ಅದರಿಂದಲೇ ಹಾಕುತ್ತಾಳೆ. ಮಾಯೆ ಅನ್ನಬೇಕು, ಮಧ್ಯಾಹ್ನದೊಳಗೆ ಕೆಂಪು ಇಳಿಯುತ್ತದೆ. ನನಗೂ ಬಂದಿತ್ತು, ಈಗ ಬೆಳ್ಳಗಾಗಿದೆ. ಎಡಗಣ್ಣು ಸ್ವಲ್ಪ ಹಟ ಮಾಡುತ್ತಿದೆ, ಅಷ್ಟೆ. ದೀಪದ ಕಡೆ ನೋಡಿದರೆ ಚುಚ್ಚಿದ ಹಾಗಾಗುತ್ತದೆ. ಅದು ದೀಪದ್ದೇ ತಪ್ಪಿರಬೇಕು, ನಮ್ಮ ಮೇಜಿನ ಮೇಲೆ ಅಷ್ಟು ದೊಡ್ಡದು ಉರಿಯುತ್ತಿರುತ್ತದೆ.

ಅಮ್ಮನಿಗೆ ಇದನ್ನೆಲ್ಲ ಓದಬೇಡ.

ಚೂಟಿ


ಮಾರ್ಚ್ 25

ಚೂಟಿ,

ನಿನ್ನ ಕಾಗದ ಓದಿ ನನಗೆ ನಗು ಬರಲಿಲ್ಲ. ನನ್ನ ಪೆದ್ದುತನಕ್ಕೆ ನನ್ನ ತಲೆಗೆ ನಾನೇ ಮೊಟಕಿಕೊಂಡೆ. ದಿನವಿಡೀ ಕೆಂಪು ಕಣ್ಣು ನೋಡುವವಳು ನಾನು, ನೀನು ಅಷ್ಟು ಹೇಳಿದರೂ ಹಾಲು ಕುಡಿ ಅಂದೆನಲ್ಲ.

ಕಾಗದವನ್ನು ಡಾಕ್ಟರ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು. ಅವರು ಹೇಳಿದ್ದನ್ನೂ ನಾನು ಕಲಿತಿದ್ದನ್ನೂ ಸೇರಿಸಿ ಬರೆಯುತ್ತೇನೆ, ಗಮನವಿಟ್ಟು ಓದು, ಮೇಲಿನ ಮಂಚದವಳಿಗೂ ಓದಿ ಹೇಳು.

ನೋಡಿದರೆ ಅಂಟುವುದಿಲ್ಲ. ಮುಟ್ಟಿದರೆ ಅಂಟುತ್ತದೆ. ಕಣ್ಣು ಉಜ್ಜಿದ ಕೈ ಬಾಗಿಲಿಗೆ, ಬಾಗಿಲಿಂದ ಇನ್ನೊಬ್ಬರ ಕೈಗೆ, ಆ ಕೈ ಕಣ್ಣಿಗೆ. ಆದ್ದರಿಂದ ಮುಖ ನೋಡಿಕೊಂಡು ಮಾತಾಡಿ, ಏನೂ ಆಗುವುದಿಲ್ಲ, ಆದರೆ ಆ ಟವಲನ್ನು ತೆಗೆದು ಬಿಸಾಡಿ. ದಿಂಬಿನ ಚೀಲ, ಟವಲು, ಕನ್ನಡಕ ಅವರವರದ್ದು ಅವರವರಿಗೆ. ಕೈಯನ್ನು ಸೋಪು ಹಚ್ಚಿ ಮತ್ತೆ ಮತ್ತೆ ತೊಳೆಯಬೇಕು. ಎಷ್ಟೇ ಕಡಿದರೂ ಉಜ್ಜಬಾರದು.

ಕಣ್ಣಿನ ಬಿಳಿಯ ಮೇಲೆ, ರೆಪ್ಪೆಯ ಒಳಗೆ, ತೆಳ್ಳನೆಯ ಹೊದಿಕೆಯೊಂದಿದೆ. ಅದು ಊದಿಕೊಂಡರೆ ಕಣ್ಣು ಬಂತು ಅನ್ನುತ್ತೇವೆ. ನೀರು ನೀರಾಗಿ ಸುರಿಯುತ್ತಿದ್ದರೆ ಹೆಚ್ಚಾಗಿ ನೆಗಡಿಯ ಜಾತಿಯದು, ಅದಕ್ಕೆ ಮದ್ದೇ ಬೇಡ, ವಾರವೋ ಎರಡು ವಾರವೋ ಇದ್ದು ಹೋಗುತ್ತದೆ. ಕುದಿಸಿ ಆರಿಸಿದ ನೀರಲ್ಲಿ ಶುದ್ಧ ಬಟ್ಟೆ ಅದ್ದಿ ತಣ್ಣಗೆ ಇಟ್ಟುಕೊಂಡರೆ ಉರಿ ಕಡಿಮೆ. ಒಂದು ಕಣ್ಣಿಗೆ ಇಟ್ಟದ್ದನ್ನು ಇನ್ನೊಂದಕ್ಕೆ ಇಡಬಾರದು. ಹಳದಿ ಕೀವು ಬಂದು ರೆಪ್ಪೆ ಅಂಟಿಕೊಳ್ಳುತ್ತಿದ್ದರೆ ಅದಕ್ಕೆ ಬೇರೆ ಹನಿ ಇದೆ, ಡಾಕ್ಟರು ನೋಡಿ ಬರೆದುಕೊಡಬೇಕು. ಬರೀ ತುರಿಕೆ, ಎರಡೂ ಕಡೆ, ಸೀನು ಬೇರೆ ಅಂದರೆ ಧೂಳೋ ಹೂವಿನ ಪುಡಿಯೋ ಮೈಗೆ ಆಗದೇ ಇರುವುದು, ಅದು ಯಾರಿಗೂ ಅಂಟುವುದಿಲ್ಲ. ನೋಡು, ಮೂರೂ ಕೆಂಪೇ, ಮೂರಕ್ಕೂ ಒಂದೇ ಸೀಸೆ ಅಂದರೆ ಅದೆಂಥ ಅನ್ಯಾಯ! ಅದೂ ಸೀಸೆಯ ಮೂತಿ ಒಬ್ಬರ ರೆಪ್ಪೆಯಿಂದ ಇನ್ನೊಬ್ಬರ ರೆಪ್ಪೆಗೆ!

ಈಗ ನಿನ್ನ ಮಾತಿಗೆ ಬರುತ್ತೇನೆ. ಕೆಂಪನ್ನು ಮಧ್ಯಾಹ್ನದೊಳಗೆ ಇಳಿಸುವ ಹನಿ ರೋಗವನ್ನು ಇಳಿಸುವುದಿಲ್ಲ, ಮುಚ್ಚುತ್ತದೆ ಅಂದರು ಡಾಕ್ಟರು. ಒಳಗೆ ಹುಣ್ಣಿದ್ದರೆ ಅದು ಮೇಲೆ ಬೆಳ್ಳಗೆ ಕಾಣಿಸುತ್ತಲೇ ಒಳಗೆ ಕೊರೆಯುತ್ತದೆ. ನೋವು, ಬೆಳಕು ಚುಚ್ಚುವುದು, ಮಸುಕು, ಈ ಮೂರರಲ್ಲಿ ಒಂದಿದ್ದರೂ ಅದು ಬರೀ ಕಣ್ಣು ಬಂದದ್ದಲ್ಲ, ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರಕ್ಕೇ ಪೆಟ್ಟಾಗಿದೆ ಅಂತ ಲೆಕ್ಕ. ಅದಕ್ಕೆ ಕಾಯಬಾರದು. "ಆ ಹುಡುಗಿನ ಇವತ್ತೇ ಯಾರಿಗಾದ್ರೂ ತೋರಿಸ್ಕೊಳ್ಳೋಕೆ ಹೇಳು" ಅಂದರು. ಅವರು ಹಾಗೆಲ್ಲ ಹೆದರಿಸುವವರಲ್ಲ.

ನೀನು ದೀಪದ ತಪ್ಪು ಅಂದೆ. ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಈ ಕಾಗದದಲ್ಲಿ ಸಾಲುಗಳೆಲ್ಲ ಕೆಳಗೆ ಜಾರಿವೆ, ಎರಡು ಕಡೆ ಒಂದರ ಮೇಲೊಂದು ಹತ್ತಿವೆ. ಎಡಗಣ್ಣು ಮುಚ್ಚಿಕೊಂಡು ಬರೆದೆಯಾ? ನಿಜ ಹೇಳು. ಅಥವಾ ಹೇಳಲೇಬೇಡ, ಗಂಟುಮೂಟೆ ಕಟ್ಟಿಕೊಂಡು ಗೇಟು ದಾಟು. ಚೀಟಿ ಹಾಳಾಗಿ ಹೋಗಲಿ.

ಅತ್ತೆಗೆ ಏನೂ ಹೇಳಿಲ್ಲ. ತಿಳಿದರೆ ಆಪರೇಷನ್ನೇ ಬೇಡ ಅನ್ನುತ್ತಾರೆ. ಅವರು ಪಕ್ಕದಲ್ಲೇ ಕೂತು, "ಏನು ಬರೀತಾ ಇದೀಯ, ಇಷ್ಟುದ್ದ" ಅಂತ ಕೇಳುತ್ತಿದ್ದಾರೆ. ಹಾಲು ಕುಡಿ ಅಂತ ಬರೆಯುತ್ತಿದ್ದೇನೆ ಅಂದೆ.

ಅತ್ತಿಗೆ


ಏಪ್ರಿಲ್ 2

ಪ್ರೀತಿಯ ಅತ್ತಿಗೆ,

ಈ ಕಾಗದ ಆಫೀಸಿನ ಮೂಲಕವೇ ಬರುತ್ತಿದೆ. ನಮ್ಮ ಗಾಡಿಯವನಿಗೂ ಪಾಪ ನಿದ್ದೆ ಕಡಿಮೆಯಾಗಿದೆ, ಅವನನ್ನು ಇನ್ನು ಒಳಗೆ ಬಿಡುವುದಿಲ್ಲವಂತೆ. ನೀನು ಹೇಳಿ ಕಳಿಸಿದ್ದು ಅದಕ್ಕೆ ಮುಂಚೆಯೇ ನನಗೆ ತಲುಪಿತು.

ನೀನು ಬರೆದ ಹಾಗೇ ಮಾಡುತ್ತಿದ್ದೇವೆ. ಟವಲು ಹೋಯಿತು. ಮೇಲಿನ ಮಂಚದವಳೂ ನಾನೂ ಮುಖ ನೋಡಿಕೊಂಡು ಊಟ ಮಾಡುತ್ತೇವೆ, ಉಳಿದವರು ನಮ್ಮನ್ನು ಹುಚ್ಚರ ಹಾಗೆ ನೋಡುತ್ತಾರೆ. ಅವಳಿಗೆ ಈಗ ಪೂರಾ ನಿದ್ದೆ ಬಂದಿದೆ. ನನಗೆ ಬಲಗಡೆ ಚೆನ್ನಾಗಿದೆ. ಎಡಗಡೆಯ ನಿದ್ದೆ ಇನ್ನೂ ಕಡಿಮೆಯೇ, ಮಂಜು ಬಿದ್ದ ಬೆಳಗಿನ ನಿದ್ದೆಯ ಹಾಗೆ.

ಆದರೆ ಕೇಳು. ನೀನು ಗದರಬೇಡ. ಅಮ್ಮನ ಸರದಿಗೆ ಇನ್ನು ಹತ್ತೇ ದಿನ ಇದೆ. ಈ ಕಡೆ ನಾನು ಹೊರಟರೆ ಆ ಕಡೆ ಅವಳ ಚೀಟಿ ಹೋಗುತ್ತದೆ. ಅಷ್ಟು ಜನಕ್ಕೆ ಹೇಳಿಕೊಂಡು ಕೂತಿದ್ದಾಳೆ, ಹಾಲಿನವನಿಗೂ ಹೇಳಿದ್ದಾಳೆ. ಅವಳ ಎರಡು ಕಣ್ಣಿನ ಮುಂದೆ ನನ್ನ ಅರ್ಧ ನಿದ್ದೆ ಯಾವ ಲೆಕ್ಕ? ಒಂದೇ ಕಡೆಯ ನಿದ್ದೆಯಲ್ಲೂ ದಾರ ಕೂಡಿಸಬಹುದು, ಕೂಡಿಸುತ್ತಿದ್ದೇನೆ. ನಾನು ಸಾಲಿನಲ್ಲಿ ನಿಂತು ಮೇಡಂ ಹಾಕುವುದನ್ನು ಹಾಕಿಸಿಕೊಳ್ಳದಿದ್ದರೆ ನನ್ನನ್ನೇ ಕಳಿಸಿಬಿಡುತ್ತಾರೆ. ಆಮೇಲೆ ಹಿಂದಿನ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಳ್ಳುತ್ತೇನೆ.

ಹೆದರಿಕೆಯಾಗುತ್ತದೆ ಅತ್ತಿಗೆ, ಇಲ್ಲ ಅನ್ನುವುದಿಲ್ಲ. ಆದರೆ ಹೊರಡುವುದಿಲ್ಲ.

ಚೂಟಿ


ಏಪ್ರಿಲ್ 7

ಚೂಟಿ,

ಎಡಗಡೆಯ ನಿದ್ದೆ ಮಂಜಾದವರು ಹತ್ತು ದಿನವಲ್ಲ, ಒಂದು ದಿನವೂ ಕಾಯಬಾರದು. ಹೋದ ನಿದ್ದೆ ಮತ್ತೆ ಬರುವುದಿಲ್ಲ. ಇದನ್ನು ಓದುವ ಆಫೀಸಿನವರಿಗೂ ಹೇಳುತ್ತೇನೆ, ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳು ಇರುತ್ತಾರೆ, ಅವರನ್ನು ಇಂಥ ನಿದ್ದೆಯಲ್ಲಿ ಕೂರಿಸುತ್ತೀರಾ?

ನಿನ್ನ ಮೊಂಡುತನ ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಅತ್ತೆ ನನ್ನ ಎದುರಿಗೇ ಕೂತು ಕಿಟಕಿಯ ಕಡೆ ಮುಖ ಮಾಡಿಕೊಂಡು ತಾರೀಕು ಎಣಿಸುತ್ತಿದ್ದಾರೆ. ಇಬ್ಬರ ನಡುವೆ ಸಿಕ್ಕಿಹಾಕಿಕೊಂಡವಳು ನಾನು. ಅವರಿಗೆ ಹೇಳುವ ಹಾಗಿಲ್ಲ, ನಿನಗೆ ಹೇಳಿದರೆ ಕೇಳುವುದಿಲ್ಲ.

ಕೈಮುಗಿದು ಕೇಳುತ್ತೇನೆ, ಹೊರಡು.

ಅತ್ತಿಗೆ


ಏಪ್ರಿಲ್ 16

ಅತ್ತಿಗೇ! ಅತ್ತಿಗೇ! ಅತ್ತಿಗೇ!

ಅಮ್ಮನಿಗೆ ಕಣ್ಣು ಬಂತು!

ಹದಿಮೂರರ ಸಂಜೆ ನಾವು ಊಟಕ್ಕೆ ಕೂತಿದ್ದಾಗ ಗೇಟಿನವನು ಬಾಗಿಲಲ್ಲಿ ನಿಂತು ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದ. "ನಿಮ್ಮತ್ತಿಗೆ ಫೋನ್ ಮಾಡಿದ್ರು! ಅಮ್ಮಂಗೆ ಕಣ್ಣು ಬಂತಂತೆ! ಇನ್ನು ಹೊರಟು ಬಾ ಅಂದ್ರು!" ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ ನಾನು ಬೆಂಚಿನ ಮೇಲೆ ಹತ್ತಿ ಕುಣಿದೆನಂತೆ, ನನಗೆ ನೆನಪಿಲ್ಲ, ಮೇಲಿನ ಮಂಚದವಳು ಹೇಳಿದಳು. ಯಾರ ಮುಖವನ್ನೂ ನೋಡದವರೆಲ್ಲ ತಲೆಯೆತ್ತಿ ನನ್ನನ್ನೇ ನೋಡಿ ನಕ್ಕರಂತೆ. ಹನ್ನೆರಡಕ್ಕೆ ಆಪರೇಷನ್, ಹದಿಮೂರಕ್ಕೆ ಕಟ್ಟು ಬಿಚ್ಚಿದರು, ಕಣ್ಣು ಬಂತು! ಎಷ್ಟು ಸಲೀಸು! ಇಷ್ಟಕ್ಕೆ ನಾವು ಎಷ್ಟು ವರ್ಷ ಕಾದೆವು.

ಮರುದಿನ ಬೆಳಿಗ್ಗೆ ಕೋಟು ಮಡಚಿ ಇಸ್ತ್ರಿ ಮೇಡಂ ಮೇಜಿನ ಮೇಲಿಟ್ಟೆ. "ಹೆಸರು ಹೊಡೆದ್ರೆ ನಿಮ್ಮಮ್ಮನ ಚೀಟಿ ಇವತ್ತೇ ರದ್ದಾಗತ್ತೆ, ಯೋಚನೆ ಮಾಡು" ಅಂದಳು. ನಾನು ಅವಳ ಮುಖಕ್ಕೇ ನಕ್ಕು, "ಹೊಡ್ಕೊಳ್ಳಿ ಮೇಡಂ, ನಮ್ಮಮ್ಮಂಗೆ ಆಗ್ಲೇ ಕಣ್ಣು ಬಂತು!" ಅಂದೆ. ಅವಳಿಗೆ ಆ ಮಾತು ಎಷ್ಟು ಆಗಿಬರುವುದಿಲ್ಲ ಅಂತ ಗೊತ್ತಲ್ಲ, ಎರಡು ಸಲ ಅಂದೆ. ಚೀಟಿಯ ಮೇಲೆ ಅವಳೇ ಗೀಟು ಎಳೆದಳು. ನಾನು ನಿಂತು ನೋಡಿದೆ. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ನಾನೀಗ ಇಲ್ಲಿನ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದೇನೆ. ಗೇಟಿಂದ ನೇರ ಇಲ್ಲಿಗೇ ಬಂದೆ. ಡಾಕ್ಟರಮ್ಮ ಹಳದಿ ಬಣ್ಣದ ಹನಿ ಹಾಕಿ, ನೀಲಿ ದೀಪ ಹಿಡಿದು ನೋಡಿ, ಎದುರಿಗೇ ಹಣೆ ಚಚ್ಚಿಕೊಂಡರು. ನಿಮ್ಮ ಡಾಕ್ಟರು ಹೇಳಿದ್ದೇ ಸರಿ, ಒಳಗೆ ಹುಣ್ಣು. ಆ ಬಿಳಿ ಮುಚ್ಚಳದ ಹನಿಯೇ ಅದನ್ನು ಸಾಕಿ ಬೆಳೆಸಿದೆಯಂತೆ. "ಇನ್ನೊಂದು ವಾರ ಬಿಟ್ಟು ಬಂದಿದ್ರೆ ನಾನೇನೂ ಮಾಡೋಕಾಗ್ತಿರ್ಲಿಲ್ಲ" ಅಂದರು. ಈಗ ಗಂಟೆಗೊಂದು ಸಲ ಹನಿ. ಒಂದು ಸಣ್ಣ ಬಿಳಿ ಕಲೆ ಉಳಿಯುತ್ತದೆ, ಆದರೆ ಕಣ್ಣು ಉಳಿಯುತ್ತದೆ. ನಿನ್ನೆ ಗೋಡೆಯ ಮೇಲಿನ ದೊಡ್ಡಕ್ಷರ ಎಡಗಣ್ಣಿಗೆ ಕಂಡಿತು.

ಅಮ್ಮ ಮೊದಲು ಏನು ನೋಡಿದಳು? ನಿನ್ನ ಮುಖ ನೋಡಿ ಏನಂದಳು? ಸಕ್ಕರೆ ಡಬ್ಬಿ ನೋಡಿದಳಾ? ಎಲ್ಲ ಬರೆ, ಒಂದನ್ನೂ ಬಿಡಬೇಡ. ಇಲ್ಲಿಂದ ತಿಂಗಳ ಕೊನೆಗೆ ಬಿಡುತ್ತಾರೆ. ಅವಳು ನನ್ನನ್ನು ನೋಡುವುದನ್ನು ನಾನು ನೋಡಬೇಕು.

ನಿನ್ನ ಚೂಟಿ


ಏಪ್ರಿಲ್ 21

ಚೂಟಿ,

ನಿನ್ನ ಕಾಗದವನ್ನು ಅತ್ತೆಗೆ ಓದಿದೆ. ಕಣ್ಣು ಉಳಿಯುತ್ತದೆ ಅಂದಲ್ಲಿಗೆ ಬಂದಾಗ, "ಇನ್ನೊಂದ್ಸಲ ಓದು" ಅಂದರು. ನಾಲ್ಕು ಸಲ ಓದಿಸಿದರು. ಆಮೇಲೆ ಒಳಗೆ ಹೋಗಿ ಮಲಗಿದರು. ನಾನು ಈಗ ಬರೆಯುವುದು ಅವರಿಗೆ ಗೊತ್ತಿಲ್ಲ, ಬರೆಯಕೂಡದು ಅಂತ ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿಯುತ್ತಿದ್ದೇನೆ. ನೀನು ಬಾಗಿಲಿಗೆ ಬಂದು ನಿಂತ ಮೇಲೆ ತಿಳಿಯುವುದಕ್ಕಿಂತ ಇದೇ ವಾಸಿ.

ಅಮ್ಮನಿಗೆ ಕಣ್ಣು ಬಂತು ಅಂತ ಫೋನಿನಲ್ಲಿ ಹೇಳಿದ್ದು ನಾನೇ. ಆದರೆ ನೀವು ಅಲ್ಲಿ ನಿದ್ದೆ ಕಡಿಮೆ ಅನ್ನುತ್ತೀರಲ್ಲ, ಆ ಕಣ್ಣು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಎದ್ದಾಗ ಅವರ ಎರಡೂ ರೆಪ್ಪೆ ಅಂಟಿಕೊಂಡಿದ್ದವು. ಕ್ಲಿನಿಕ್ಕಿಂದ ನಾನೇ ತಂದೆನೋ, ಹಾಲಿನವನು ತಂದನೋ, ದೇವರಿಗೇ ಗೊತ್ತು. ಕೈ ತೊಳೆದೇ ಒಳಗೆ ಬರುತ್ತಿದ್ದೆ ಕಣೆ, ಪ್ರತಿ ಸಲ. ಕಂಪನಿಯ ಆಸ್ಪತ್ರೆಯವರು ಬಾಗಿಲಲ್ಲೇ ನೋಡಿ, "ಈ ಕಣ್ಣಿಗೆ ಈಗ ಆಪರೇಷನ್ ಮಾಡಿದ್ರೆ ಸೋಂಕು ಒಳಗೇ ಇಳಿಯತ್ತೆ, ಒಂದು ತಿಂಗಳು ಬಿಟ್ಟು ಬನ್ನಿ" ಅಂದರು. ಅವರು ಹೇಳಿದ್ದು ಸರಿಯೇ. ಮನೆಗೆ ಬಂದೆವು.

ಎರಡು ದಿನ ನನಗೆ ಒಂದೇ ಯೋಚನೆ. ಇದು ತಿಳಿದರೆ ನೀನು ಇನ್ನೂ ಒಂದು ತಿಂಗಳು ಅಲ್ಲೇ ಕೂರುತ್ತೀಯ. ಹದಿಮೂರರ ಮಧ್ಯಾಹ್ನ ಅತ್ತೆಯ ಕಣ್ಣು ಒರೆಸುತ್ತಿದ್ದಾಗ ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸಿದೆ. "ಏನಾಯ್ತು ಹೇಳು" ಅಂದರು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ, ಅಳಲಿಲ್ಲ. ಒದ್ದೆ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಾವೇ ಒರೆಸಿಕೊಂಡು ಕೇಳಿದರು.

"ಇನ್ನೊಂದು ತಿಂಗ್ಳು ಅಲ್ಲೇ ಇದ್ರೆ ಅವಳ ಕಣ್ಣು ಉಳಿಯತ್ತಾ?"

"ಇಲ್ಲ ಅತ್ತೆ."

"ಬಾ ಅಂದ್ರೆ ಬರ್ತಾಳಾ?"

"ನಿಮ್ಮ ಆಪರೇಷನ್ ಆಗೋ ತನಕ ಬರಲ್ಲ."

ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟರು. ಆಮೇಲೆ, "ಹಾಗಾದ್ರೆ ಫೋನ್ ಮಾಡು. ಅಮ್ಮಂಗೆ ಕಣ್ಣು ಬಂತು, ಹೊರಟು ಬಾ ಅನ್ನು. ಅಷ್ಟೇ ಅನ್ನು, ಹೆಚ್ಚಿಗೆ ಒಂದು ಮಾತೂ ಆಡಬೇಡ" ಅಂದರು.

"ಅವಳು ಬೇರೆ ತಿಳ್ಕೋತಾಳೆ ಅತ್ತೆ. ಚೀಟಿ ಹೋಗತ್ತೆ."

"ತಿಳ್ಕೊಳ್ಳಲಿ. ನಂಗೆ ಕಣ್ಣು ಬಂದಿಲ್ವಾ? ಮುಟ್ಟಿ ನೋಡು, ಅಂಟ್ತಾ ಇದೆ. ನಾನೇನು ನಿನ್ನ ಕೈಲಿ ಸುಳ್ಳು ಹೇಳಿಸ್ತಿದೀನಾ?" ಅಂತ ನಕ್ಕರು ಕಣೆ. ನಿನ್ನಾಣೆ, ನಕ್ಕರು. ನಾನು ಅಂಗಡಿಯ ಫೋನ್ ಹಿಡಿದು ಆ ಮಾತು ಹೇಳುವಾಗ ಪಕ್ಕದಲ್ಲೇ ನಿಂತು ನನ್ನ ಕೈ ಹಿಡಿದುಕೊಂಡಿದ್ದರು.

ಕೆಂಪು ಈಗ ಹೋಗಿದೆ. ಪೊರೆ ಹಾಗೇ ಇದೆ. ಚೀಟಿ ಕೇಳಿಕೊಂಡು ಹೋದೆ, ಹೆಸರಿಲ್ಲ ಅಂದರು. ನಮ್ಮ ಡಾಕ್ಟರು ಆಪರೇಷನ್ ಮಾಡುವವರಲ್ಲ, ಬೇರೆ ಒಂದು ಕಡೆ ವಿಚಾರಿಸುತ್ತಿದ್ದಾರೆ. ಆಗುತ್ತದೆ ಅಂತ ನಾನು ನಿನಗೆ ಮಾತು ಕೊಡಲಾರೆ. ಇನ್ನು ಮಾತಿನಲ್ಲಿ ಆಟ ಆಡಲಾರೆ.

ಇನ್ನೊಂದು ವಿಷಯ ಇದೆ, ಅದನ್ನು ಬರೆಯುವುದು ಇದಕ್ಕಿಂತ ಕಷ್ಟ. ನೀನು ಬಂದಾಗ ನಿನಗೆ ಗೊತ್ತಾಗದ ಹಾಗೆ ನಡೆದುಕೊಳ್ಳಬೇಕು ಅಂತ ಅವರು ಅಭ್ಯಾಸ ಮಾಡುತ್ತಿದ್ದಾರೆ. ನಾನು ಬಾಗಿಲಲ್ಲಿ ನಿಂತು ಮಾತಾಡಬೇಕು, ಅವರು ನನ್ನ ದನಿಯ ಅಳತೆಯಲ್ಲಿ ಸರಿಯಾಗಿ ಮುಖದ ಎತ್ತರಕ್ಕೆ ನೋಡಬೇಕು. ಚೆನ್ನಾಗಿಯೇ ಮಾಡುತ್ತಾರೆ, ನನಗೇ ಒಂದೆರಡು ಸಲ ನಿಜವಾಗಿ ಕಂಡಿತೇನೋ ಅನ್ನಿಸಿತು. ನೀನು ಬರುವ ದಿನ ಯಾವ ಬಣ್ಣದ ಬಟ್ಟೆ ಹಾಕಿಕೊಂಡು ಬರುತ್ತೀ ಅಂತ ಹೇಗಾದರೂ ಉಪಾಯದಿಂದ ಕೇಳಿ ತಿಳಿದುಕೊಳ್ಳಬೇಕಂತೆ. ಬಾಗಿಲಲ್ಲೇ ಅದನ್ನು ಹೇಳಿದರೆ ನೀನು ನಂಬಿಬಿಡುತ್ತೀ ಅಂತ ಅವರ ಲೆಕ್ಕ.

ಏನು ಹೇಳಲಿ ಅವರಿಗೆ?

ಅತ್ತಿಗೆ


ಏಪ್ರಿಲ್ 26

ಅತ್ತಿಗೆ,

ನಿನ್ನ ಕಾಗದ ಬಂದ ದಿನ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಅಮ್ಮನನ್ನೂ ಬೈದೆ. ಇಬ್ಬರೂ ಸೇರಿ ಅವಳ ಕಣ್ಣು ಕಿತ್ತು ನನಗಿಟ್ಟಿರಿ, ಕೇಳುವ ಸೌಜನ್ಯವೂ ಇಲ್ಲ ಅಂತ. ಪಕ್ಕದ ಹಾಸಿಗೆಯವಳು ನರ್ಸನ್ನು ಕರೆದಳು.

ಆಮೇಲೆ ನರ್ಸನ್ನು ಕಾಡಿ ಬೇಡಿ ಅರ್ಧ ದಿನ ಹೊರಗೆ ಬಿಡಿಸಿಕೊಂಡು ಆ ಗೇಟಿಗೆ ಹೋದೆ. ಕಣ್ಣಿನ ಮೇಲೆ ಪಟ್ಟಿ ಇತ್ತು. ಮೇಡಂ ಗೇಟಿನ ಆಚೆ ನಿಂತೇ ಮಾತಾಡಿದಳು. ಬಲಗಣ್ಣು ಒಂದೇ ಸಾಕು, ಇನ್ನೂ ಎರಡು ವರ್ಷ ಹೊರಗೆ ಕಾಲಿಡುವುದಿಲ್ಲ, ಚೀಟಿ ವಾಪಸು ಕೊಡಿ ಅಂದೆ. "ಏನಾಗಿದೆ ಕಣ್ಣಿಗೆ?" ಅಂದಳು. ನಿದ್ದೆ ಕಡಿಮೆ ಮೇಡಂ ಅಂದೆ. ನಿಜವಾಗಿಯೂ ಅಂದೆ ಅತ್ತಿಗೆ, ನಾಚಿಕೆ ಬಿಟ್ಟು ಅಂದೆ. ಅವಳು ಒಳಗೆ ಹೋದಳು. ಆ ಗೇಟಿನೊಳಗೆ ಇದ್ದಷ್ಟು ದಿನ ಹೊರಗೆ ಬರಲಾಗದೆ ಒದ್ದಾಡಿದೆ, ಈಗ ಹೊರಗೆ ನಿಂತು ಕಂಬಿ ಹಿಡಿದುಕೊಂಡು ಒಳಗೆ ಬಿಡಿ ಅಂತ ಅತ್ತೆ. ಗೇಟಿನವನು ಕೂರಲು ಸ್ಟೂಲು ಕೊಟ್ಟ.

ಎಡಗಣ್ಣಿಗೆ ಸಣ್ಣಕ್ಷರವೂ ಕಾಣಲು ಶುರುವಾಗಿದೆ. ಕಂಡಾಗೆಲ್ಲ ಅಮ್ಮ ನೆನಪಾಗುತ್ತಾಳೆ, ಸಂಕಟವಾಗುತ್ತದೆ. ಆದರೂ ಇನ್ನೊಂದು ಸಾಲು ಓದುತ್ತೇನೆ. ಅವಳಿಗೆ ಆಪರೇಷನ್ ಎಲ್ಲಿ ಆಗುತ್ತದೋ ಗೊತ್ತಿಲ್ಲ, ಬಂದ ಮೇಲೆ ನಾನೂ ನೀನೂ ಬಾಗಿಲು ಬಾಗಿಲು ತಟ್ಟೋಣ.

ಮೂವತ್ತರ ಮಧ್ಯಾಹ್ನ ಬರುತ್ತೇನೆ. ನೀಲಿ ಅಂತ ಹೇಳು. ನಾನು ನೀಲಿಯೇ ಹಾಕಿಕೊಂಡು ಬರುತ್ತೇನೆ. ಬಾಗಿಲಲ್ಲಿ ಅಮ್ಮ, "ನೀಲಿ ನಿಂಗೆ ಎಷ್ಟು ಒಪ್ಪತ್ತೆ ಕಣೆ" ಅನ್ನುತ್ತಾಳೆ. ನಾನು, "ಹೌದಾ ಅಮ್ಮ, ಅಷ್ಟು ಚೆನ್ನಾಗಿ ಕಾಣ್ಸತ್ತಾ?" ಅನ್ನುತ್ತೇನೆ. ನೀನು ಮಾತ್ರ ಆಗ ಅಳಬಾರದು ಅತ್ತಿಗೆ, ಅವಳಿಗೆ ಕೇಳಿಸುತ್ತದೆ.

ಚೂಟಿ